ಮಂಗನಿಗಾ?

ಅಕ್ಕನ ಮಗ ಮಾಡಿದ ಅಡ್ಡಬಿಲ್ಲನ್ನು, ಅಂದರೆ ಕ್ರಾಸ್‌ಬೋವನ್ನು, ಈ ವಾರ ನಮ್ಮ ಅಂಗಳ ದಾಟಿದವರೆಲ್ಲ ನೋಡಿದರು. ಕೇಳಿದ್ದು ಮಾತ್ರ ಒಂದೇ.

“ಎಂತದು ಮಾರಾಯ, ಮಂಗನಿಗಾ?”

“ಅಲ್ಲ ಮಾವ.”

“ಹಾಗಾದ್ರೆ ಹಂದಿಗಾ?”

“ಯಾರಿಗೂ ಅಲ್ಲ.”

“ಮತ್ತೆಂತಕ್ಕೆ?”

ಇದು ಆಚೆಮನೆ ಭಟ್ರು. ಒಳ್ಳೆಯ ಜನ, ಆದರೆ ಉಪಯೋಗಕ್ಕೆ ಬಾರದ್ದನ್ನು ಕಂಡರೆ ಅವರಿಗೆ ಆಗದು. ಹೂವಿನ ಗಿಡ ನೆಟ್ಟರೂ ‘ಆ ಜಾಗಕ್ಕೆ ಬಸಳೆ ಹಾಕಬಹುದಿತ್ತು’ ಎನ್ನುವವರು. ನಮ್ಮ ಕಾಸರಗೋಡಿನ ಪೆರ್ಲದ ಕಡೆ ತೋಟ ಇಟ್ಟುಕೊಂಡವರ ಮಂಗನ ಸಂಕಟ ನನಗೂ ಗೊತ್ತು. ಆದರೆ ಬಾನೆಟ್ ಮಕಾಕ್ ಎಂಬ ಈ ನಮ್ಮ ಮಂಗ 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಗೆ ಏರಿದೆ, ಹುಲಿ ಇರುವ ಪಟ್ಟಿಗೇ. ಬಾಣ ಬಿಟ್ಟರೆ ಜೈಲು.

ಹುಡುಗ ಪ್ಲಸ್ ಟು ಓದುವವ. ಒಣಗಿದ ಅಡಿಕೆ ಮರ ಸೀಳಿ, ಒಳಗಿನ ಮೆದುವನ್ನು ಕೆತ್ತಿ ಬಿಸಾಡಿ, ಗಟ್ಟಿ ಸಲಾಕೆ ಉಳಿಸಿಕೊಂಡಿದ್ದ. ನಡು ದಪ್ಪ, ತುದಿಗೆ ಹೋದಂತೆ ತೆಳು. ಎರಡು ತೋಳೂ ಸಮನಾಗಿ ಬಾಗುತ್ತವೆಯೇ ಎಂದು ಜಗಲಿಯ ಕಂಬಕ್ಕೆ ಕಟ್ಟಿ ಎಳೆಯುವುದು, ಗಡುಸಾದ ಕಡೆ ಕತ್ತಿಯಿಂದ ಹೆರೆಯುವುದು, ಪುನಃ ಎಳೆಯುವುದು. ಊಟಕ್ಕೆ ಕರೆದರೂ ಕೇಳದು. ಹಗ್ಗ ಹಿಗ್ಗುವಂಥದ್ದಾಗಬಾರದಂತೆ, ಬಾಗಬೇಕಾದ್ದು ಬಿಲ್ಲು. ಬಿಲ್ಲನ್ನು ಅಡ್ಡಲಾಗಿ ಕಟ್ಟಿದ ಮರದ ದಂಡಿನಲ್ಲಿ, ಎಳೆದ ಹಗ್ಗ ಕೂರಲು ಒಂದು ಕಚ್ಚು. ಬಂದೂಕಿಗಿರುವಂತೆ ಕೆಳಗಿರುವ ಕುದುರೆ ಒತ್ತಿದರೆ ಸಣ್ಣ ಗೂಟವೊಂದು ಮೇಲೆದ್ದು ಹಗ್ಗವನ್ನು ಕಚ್ಚಿನಿಂದ ಎಬ್ಬಿಸಿಬಿಡುತ್ತದೆ. ಇಷ್ಟೇ! ಬಾಣ ಇಡದೆ ಒತ್ತಲು ನನ್ನನ್ನೂ ಬಿಡಲಿಲ್ಲ. ಬಾಣಕ್ಕೆ ಹೋಗಬೇಕಾದ ಬಲ ಬಿಲ್ಲಿಗೇ ತಿರುಗಿ ಅದು ಸೀಳಿಹೋಗುತ್ತದಂತೆ.

‘ಮತ್ತೆಂತಕ್ಕೆ?’ ರಾತ್ರಿ ಮಲಗಿದಾಗಲೂ ಅದೇ ಕಿವಿಯಲ್ಲಿ. 1139ರಲ್ಲಿ ರೋಮಿನಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಲ್ಯಾಟರನ್ ಸಭೆ ಕ್ರೈಸ್ತರ ಮೇಲೆ ಅಡ್ಡಬಿಲ್ಲು ಬಳಸಕೂಡದೆಂದು ಕಟ್ಟಪ್ಪಣೆ ಮಾಡಿತ್ತು. ಅಲ್ಲೂ ಚರ್ಚೆ ಯಾರ ಮೇಲೆ ಎಂಬುದೇ. ಬಿಲ್ಲಿದ್ದರೆ ಎದುರಿಗೊಬ್ಬ ಇರಲೇಬೇಕೇ? ದಿನವಿಡೀ ಮೊಬೈಲು ಉಜ್ಜುವವನನ್ನು ಯಾರೂ ಎಂತಕ್ಕೆ ಎಂದು ಕೇಳುವುದಿಲ್ಲ. ಸಂಜೆ ಕಟ್ಟೆಯಲ್ಲಿ ಇಸ್ಪೀಟು ಹಾಕುವವರನ್ನೂ ಕೇಳುವುದಿಲ್ಲ, ಭಟ್ರೂ ಅಲ್ಲಿರುತ್ತಾರೆ. ಕೈಯಾರೆ ಏನಾದರೂ ಮಾಡಿದವನು ಮಾತ್ರ ಊರಿಗೆಲ್ಲ ಲೆಕ್ಕ ಒಪ್ಪಿಸಬೇಕು.

ನಿನ್ನೆ ಭಟ್ರು ಮತ್ತೆ ಬಂದರು. ಹುಡುಗ ಸುಮ್ಮನೆ ಬಿಲ್ಲನ್ನು ಅವರ ಕೈಗೆ ಕೊಟ್ಟು, ಬೈಹುಲ್ಲು ತುಂಬಿದ ಗೋಣಿ ತೋರಿಸಿದ. ಬಾಣ ಗೋಣಿಯನ್ನು ಬಿಟ್ಟು ಒಳ್ಳೆಮೆಣಸಿನ ಬಳ್ಳಿಗೆ ಹೋಯಿತು.

“ಎಡಕ್ಕೆ ಎಳೀತದೆ ಇದು. ಇನ್ನೊಂದು ಕೊಡು ನೋಡುವ.”

ಅದೂ ಬಳ್ಳಿಗೆ. ಹುಡುಗ ಬಿಲ್ಲನ್ನು ತಿರುಗಿಸಿ ನೋಡಿದ; ಒಂದು ತೋಳು ತುಸು ಗಡುಸಾಗಿಯೇ ಇತ್ತಂತೆ. ಕತ್ತಿ ತರಲು ಒಳಗೆ ಓಡಿದ. ಭಟ್ರು ಪಂಚೆ ಮೇಲೆ ಕಟ್ಟಿ ಬಾಣ ಹುಡುಕಲು ತೋಟಕ್ಕಿಳಿದರು.