ಈರುಳ್ಳಿ ಬೇರಿನ ತುದಿ: ಕೊನೆಗೂ ಬಿಡಿಬಿಡಿಯಾಗಿ ಕಂಡ ಕೋಶಗಳು

ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ವಿಭಜನೆಯನ್ನು ತೋರಿಸುವ ಸ್ಲೈಡು ಈ ವಾರ ನಮ್ಮ ಮನೆಯ ಮೇಜಿನ ಮೇಲೆ ಕೈಗೂಡಿತು. ಪಿಯುಸಿಯ ಜೀವಶಾಸ್ತ್ರದಲ್ಲಿ ಮಾಡುವ ಈ ಪ್ರಯೋಗವನ್ನು ಮೈಸೂರಿನ ಮನೆಯೊಂದರಲ್ಲಿ ಮಾಡಲು ಹಟ ಹಿಡಿದದ್ದಕ್ಕೆ ಕಾರಣವಿದೆ. ಈ ವರ್ಷ ಕಾಲೇಜಿಗೆ ಸೇರಿರುವ ನನ್ನ ಅಕ್ಕನ ಮಗಳು ಪ್ರೋಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಎಂಬ ವಿಭಜನೆಯ ಹಂತಗಳ ಹೆಸರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಆದರೆ ಈ ನಾಲ್ಕರಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅದು ನಮಗೆ ಗೊತ್ತಾಗುವುದು ಹೇಗೆ ಎಂದು ಕೇಳಿದರೆ ಸುಮ್ಮನಾಗುತ್ತಿದ್ದಳು. ಮೊದಲ ವರ್ಷದ ಜೀವಶಾಸ್ತ್ರದಲ್ಲಿ ಮಕ್ಕಳು ಎಡವುವುದು ಇಲ್ಲೇ ಎಂದು ನಾನು ದೃಢವಾಗಿ ನಂಬಿದ್ದೇನೆ: ಪದ ಮೊದಲು ಬಾಯಿಗೆ ಬರುತ್ತದೆ, ವಸ್ತು ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ದೇವರಾಜ ಮಾರುಕಟ್ಟೆಯ ಸಣ್ಣ ಈರುಳ್ಳಿ, ಒಣಬೇರನ್ನು ಕೆರೆದ ಬುಡ, ದಿನವೂ ಬದಲಿಸಿದ ನೀರು, ಎರಡು ಸೆಂಟಿಮೀಟರ್ ಬೆಳೆದ ಬಿಳಿ ಬೇರು, ಇಷ್ಟರವರೆಗಿನ ಹಾದಿ ಈ ಹವ್ಯಾಸದವರಿಗೆಲ್ಲ ಗೊತ್ತಿರುವುದೇ ಆದ್ದರಿಂದ ಅದನ್ನು ವಿವರಿಸುವುದಿಲ್ಲ. ಕಾಲೇಜಿನಿಂದ ಬಂದ ಮೇಲೆ ಸಂಜೆ ಕತ್ತರಿಸುವ ಬದಲು, ಪ್ರಾಯೋಗಿಕ ಕೈಪಿಡಿಗಳು ಹೇಳುವಂತೆ ಬೆಳಿಗ್ಗೆ 8ರಿಂದ 10ರ ನಡುವೆ ಕತ್ತರಿಸಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ತೊಂದರೆ ಇದ್ದದ್ದು ಆಮ್ಲದ ಹಂತದಲ್ಲಿ. ಬೇರಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಕೋಶಭಿತ್ತಿಗಳ ನಡುವಿನ ಪೆಕ್ಟಿನ್ ಪದರ. ಅದು ಸಡಿಲವಾಗದಿದ್ದರೆ ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳನ್ನು ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ಕುಳಿತ ಗುಡ್ಡೆಯಾಗಿಯೇ ಉಳಿಯುತ್ತವೆ, ಒಳಗಿನ ವರ್ಣತಂತುಗಳು ಕಾಣುವುದಿಲ್ಲ. ಬೇರಿನ ತುದಿಯನ್ನು ಒಂದು ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಇಡಬೇಕೆಂಬುದು ನಿಯಮ. ಪ್ರಯೋಗಾಲಯದಲ್ಲಿ ಬಿಸಿನೀರಿನ ತೊಟ್ಟಿಯ ಉಷ್ಣತೆಯನ್ನು ಯಂತ್ರವೇ ಕಾಯುತ್ತದೆ. ಮನೆಯಲ್ಲಿ ಸ್ಟೀಲ್ ಲೋಟದ ನೀರು 60 ಡಿಗ್ರಿಯಲ್ಲಿ ಶುರುವಾದರೂ ಮೈಸೂರಿನ ಚಳಿ ಬೆಳಗಿನಲ್ಲಿ ಬೇಗ ತಣ್ಣಗಾಗಿ, ಆಮ್ಲ ತನ್ನ ಕೆಲಸವನ್ನು ಅರ್ಧಕ್ಕೇ ಬಿಡುತ್ತಿತ್ತು. ಒಲೆಯ ಮೇಲಿಟ್ಟು ಕಾಯಿಸುತ್ತಾ ಇರೋಣವೆಂದರೆ ಉಷ್ಣತೆ ಮಿತಿ ಮೀರಿ ತುದಿ ಗಂಜಿಯಾಗುತ್ತಿತ್ತು, ಬಣ್ಣವನ್ನೂ ಹಿಡಿಯುತ್ತಿರಲಿಲ್ಲ.

ಪರಿಹಾರ ಸಿಕ್ಕಿದ್ದು ಕಾಫಿ ಒಯ್ಯುವ ಅಗಲ ಬಾಯಿಯ ಫ್ಲಾಸ್ಕಿನಲ್ಲಿ. ಮೊದಲು ಬಿಸಿನೀರು ಹಾಕಿ ಫ್ಲಾಸ್ಕನ್ನೇ ಬೆಚ್ಚಗೆ ಮಾಡಿಕೊಂಡು, ಆ ನೀರನ್ನು ಚೆಲ್ಲಿ, 60 ಡಿಗ್ರಿಯ ಹೊಸ ನೀರು ತುಂಬಿ, ಆಮ್ಲವಿರುವ ಸಣ್ಣ ಪ್ರನಾಳವನ್ನು ಅದರಲ್ಲಿ ಇಳಿಬಿಟ್ಟು, ಬಾಯಿಗೆ ಹತ್ತಿ ಮುಚ್ಚಿದರೆ ಬೇಕಾದಷ್ಟು ಹೊತ್ತು ಉಷ್ಣತೆ ಅಲುಗುವುದಿಲ್ಲ. ಆ ಫ್ಲಾಸ್ಕನ್ನು ಮತ್ತೆ ಅಡುಗೆಮನೆಗೆ ಕೊಡಬಾರದು. ಆಮ್ಲವನ್ನು ದೊಡ್ಡವರೇ ತೆಳುಗೊಳಿಸಬೇಕು, ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ, ಕಣ್ಣಿಗೆ ಕನ್ನಡಕವಿರಲೇಬೇಕು.

ಕೋಶಗಳು ಬಿಡಿಯಾದವು, ಆದರೆ ಬಣ್ಣ ಬರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ, ವರ್ಣತಂತುಗಳಿಗೆ ಕೆಂಪು ಬಣ್ಣ ಕೊಡುವ ಅಸಿಟೋಕಾರ್ಮೈನ್ ದ್ರಾವಣದ ಸೀಸೆಯ ಮೇಲೆ ತಯಾರಿಸಿದ ತಾರೀಖು ಇರಲಿಲ್ಲ, ಎಷ್ಟು ಶೇಕಡಾ ದ್ರಾವಣವೆಂದೂ ಬರೆದಿರಲಿಲ್ಲ, ತಳದಲ್ಲಿ ಕೆಂಪು ಗಷ್ಟು ಕೂತಿತ್ತು. ಫೋನು ಮಾಡಿ ಕೇಳಿದರೆ ಕಾಲೇಜುಗಳಿಗೂ ಇದನ್ನೇ ಕಳಿಸುತ್ತೇವೆ ಎಂಬ ಉತ್ತರ ಬಂತು. ಅದು ನಿಜವಾಗಿದ್ದರೆ ಇನ್ನೂ ಬೇಸರದ ಸಂಗತಿ, ಏಕೆಂದರೆ ಆ ಸೀಸೆಯಿಂದ ಏನೂ ಕಾಣದೆ ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸುವ ಮಕ್ಕಳು ಎಷ್ಟಿರಬಹುದು! ದ್ರಾವಣವನ್ನು ಸೋಸಿದರೂ ವರ್ಣತಂತುಗಳು ಮಾಸಲು ಗುಲಾಬಿಯಾಗಿಯೇ ಉಳಿದವು.

ಇಲ್ಲಿ ಕೈಹಿಡಿದದ್ದು ಹಳೆಯದೊಂದು ತಿಳಿವಳಿಕೆ. ಕಾರ್ಮೈನ್ ಬಣ್ಣಕ್ಕೆ ಕಬ್ಬಿಣದ ಅಂಶ ತುಸುವೇ ಸೇರಿದರೂ ಅದು ವರ್ಣತಂತುಗಳನ್ನು ಗಾಢವಾಗಿ ಹಿಡಿಯುತ್ತದೆ. ಕೋಶವಿಜ್ಞಾನಿ ಜಾನ್ ಬೆಲ್ಲಿಂಗ್ 1920ರ ದಶಕದಲ್ಲಿ ಬಳಕೆಗೆ ತಂದ ಕಬ್ಬಿಣದ ಅಸಿಟೋಕಾರ್ಮೈನ್ ನಿಂತಿರುವುದು ಇದರ ಮೇಲೆಯೇ. ತುಕ್ಕು ಹಿಡಿಯದ ಸ್ಟೀಲ್ ಸೂಜಿಯನ್ನು ಪಕ್ಕಕ್ಕಿಟ್ಟು, ಸಾಮಾನ್ಯ ಕಬ್ಬಿಣದ ಸೂಜಿಯಿಂದ ಬಣ್ಣದ ಹನಿಯಲ್ಲೇ ಬೇರಿನ ತುದಿಯನ್ನು ಕುಟ್ಟಿ ಬಿಡಿಸಿದೆ. ನೋಡುತ್ತಿದ್ದಂತೆ ಹನಿಯ ಕೆಂಪಿಗೆ ಸ್ವಲ್ಪ ನೀಲಿಯ ಛಾಯೆ ಸೇರಿತು. ಸೂಜಿಯನ್ನು ಅಲ್ಲಿಗೇ ತೆಗೆಯಬೇಕು, ಹೆಚ್ಚಾದರೆ ಕೋಶರಸವೂ ಕಪ್ಪಾಗಿ ಎಲ್ಲವೂ ಒಂದೇ ಮಸಿಯಾಗುತ್ತದೆ. ಬಣ್ಣ ಹಿಡಿದ ಬೇರಿನಲ್ಲಿ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಕಡುಗೆಂಪಾಗಿ, ಉಳಿದದ್ದು ತೆಳುವಾಗಿ ಕಾಣುತ್ತದೆ. ಸ್ಲೈಡಿಗೆ ಬೇಕಾದದ್ದು ಆ ಕಡುಗೆಂಪು ಭಾಗವಷ್ಟೇ, ಅದರ ಮೇಲಿನ ಕೋಶಗಳು ವಿಭಜನೆ ಮುಗಿಸಿ ಉದ್ದವಾಗುತ್ತಿರುತ್ತವೆ.

ನಾನೂರು ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ಕೋಶದ ನಡುವೆ ವರ್ಣತಂತುಗಳು ಸಾಲಾಗಿ ನಿಂತಿದ್ದವು, ಅದು ಮೆಟಾಫೇಸ್. ಅದರ ಪಕ್ಕದ ಕೋಶದಲ್ಲಿ ಎರಡು ಗುಂಪುಗಳು ದೂರ ಸರಿದು, ಪ್ರತಿ ಗುಂಪಿನ ತೋಳುಗಳು ಹಿಂದಕ್ಕೆ ಬಾಗಿ ನಿಂತಿದ್ದವು, ಅದು ಅನಾಫೇಸ್. ಹುಡುಗಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, “ಮಾಮ, ಇಲ್ಲೊಂದು ಉಂಗುರದ ಥರ ಇದೆ, ಇದು ಯಾವ ಹಂತ? ಪುಸ್ತಕದಲ್ಲಿ ಹೀಗಿಲ್ವಲ್ಲ,” ಎಂದಳು. ಅದೂ ಮೆಟಾಫೇಸ್. ಪುಸ್ತಕ ಅದನ್ನು ಪಕ್ಕದಿಂದ ತೋರಿಸುತ್ತದೆ, ಅವಳು ಕೋಶದ ಒಂದು ತುದಿಯ ಕಡೆಯಿಂದ ನೋಡುತ್ತಿದ್ದಳು. ಕೋಶಕ್ಕೆ ಮೂರು ಆಯಾಮಗಳಿವೆ ಎಂಬುದು ಆ ಒಂದು ಪ್ರಶ್ನೆಯಿಂದ ಅವಳಿಗೆ ಮನದಟ್ಟಾದಷ್ಟು ನನ್ನ ಯಾವ ವಿವರಣೆಯಿಂದಲೂ ಆಗಿರಲಿಲ್ಲ.

ಆದ್ದರಿಂದ ಮೊದಲ ವರ್ಷದ ಮಕ್ಕಳಿಗೆ ಹೇಳಬೇಕಾದದ್ದು ಇಷ್ಟು. ಪುಸ್ತಕವನ್ನು ಮುಚ್ಚಿಟ್ಟು, ಕಂಡದ್ದನ್ನು ಕಂಡ ಹಾಗೆ ಚೂಪಾದ ಪೆನ್ಸಿಲಿನಿಂದ ಬರೆಯಿರಿ, ಎಷ್ಟು ಪಟ್ಟು ಹಿಗ್ಗಿಸಿದ್ದೆಂದು ನಮೂದಿಸಿ, ಪುಸ್ತಕದ ಚಿತ್ರದೊಂದಿಗೆ ಹೋಲಿಸುವುದು ಅದಾದ ಮೇಲೆ. ಪ್ರಾಣಿಕೋಶದ ಚಿತ್ರದಲ್ಲಿರುವ ಸೆಂಟ್ರಿಯೋಲ್‌ಗಳನ್ನು ಈರುಳ್ಳಿಯ ಕೋಶಕ್ಕೂ ಹಾಕುವುದು ಪರೀಕ್ಷೆಯಲ್ಲಿ ಅಂಕ ಕಳೆಯುತ್ತದೆ. ಈರುಳ್ಳಿಯಲ್ಲಿ ಅವು ಇಲ್ಲ, ಕೋಶ ಇಬ್ಭಾಗವಾಗುವುದೂ ಸೊಂಟ ಕಿರಿದಾಗಿ ಅಲ್ಲ, ನಡುವೆ ಹೊಸ ಗೋಡೆಯಾಗುವ ಕೋಶ ಫಲಕ ಬೆಳೆದು.

ಇದಕ್ಕಿಂತ ಮುಖ್ಯವಾದದ್ದು ಎಣಿಕೆ. ಹಲವು ನೋಟಕ್ಷೇತ್ರಗಳಲ್ಲಿ ಪ್ರತಿ ಹಂತದ ಕೋಶಗಳನ್ನು ಎಣಿಸಿದರೆ ಬಹುಪಾಲು ಎರಡು ವಿಭಜನೆಗಳ ನಡುವಿನ ಇಂಟರ್‌ಫೇಸ್‌ನಲ್ಲಿರುತ್ತವೆ, ವಿಭಜನೆಯಲ್ಲಿರುವವುಗಳ ಪೈಕಿ ಪ್ರೋಫೇಸ್ ಹೆಚ್ಚು, ಅನಾಫೇಸ್ ಹುಡುಕಿದರೆ ಮಾತ್ರ ಸಿಗುತ್ತದೆ. ಒಂದು ಹಂತಕ್ಕೆ ಹಿಡಿಯುವ ಸಮಯ ಹೆಚ್ಚಿದ್ದಷ್ಟೂ ಆ ಹಂತದಲ್ಲಿ ಸಿಕ್ಕಿಬೀಳುವ ಕೋಶಗಳು ಹೆಚ್ಚು. ಮನುಷ್ಯನ ಕೋಶವೊಂದರ ಸುಮಾರು 24 ಗಂಟೆಗಳ ಚಕ್ರದಲ್ಲಿ ವಿಭಜನೆಗೆ ಹಿಡಿಯುವುದು ಒಂದು ಗಂಟೆಯಷ್ಟೇ ಎಂಬ ಪಠ್ಯದ ಸಾಲನ್ನು ಅಕ್ಕನ ಮಗಳು ಎಣಿಕೆ ಮುಗಿಸಿದ ಮೇಲೆ ಮತ್ತೆ ಓದಿದಳು, ಈ ಸಲ ತಾನೇ ವಿವರಿಸಿದಳು.

ಮುಂದಿನ ಕೆಲಸ ಮಿಯಾಸಿಸ್, ಅಂದರೆ ಪರಾಗದಂಥ ಕೋಶಗಳು ಹುಟ್ಟುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ. ಅದಕ್ಕೆ ಮುಸುಕಿನ ಜೋಳವನ್ನು ಆರಿಸಿಕೊಂಡಿದ್ದೇನೆ, ಪಾಂಡವಪುರದ ಕಡೆಯ ಚಿಕ್ಕಪ್ಪನ ಹೊಲದಲ್ಲಿ ಬೆಳೆಯಿದೆ. ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ 1929ರಲ್ಲಿ ಜೋಳದ ಹತ್ತು ವರ್ಣತಂತುಗಳನ್ನು ಒಂದೊಂದಾಗಿ ಗುರುತಿಸಿದ್ದು ಬೆಲ್ಲಿಂಗ್‌ರ ಬಣ್ಣದ ವಿಧಾನವನ್ನೇ ತಿದ್ದಿಕೊಂಡು, ಹೀಗಾಗಿ ನನ್ನ ಕಬ್ಬಿಣದ ಸೂಜಿಗೆ ಅಲ್ಲಿಯೂ ಕೆಲಸವಿದೆ. ಗಂಡು ಹೂಗೊಂಚಲು ಇನ್ನೂ ಎಲೆಸುರುಳಿಯ ಒಳಗಿರುವಾಗಲೇ ಬಿಡಿಸಬೇಕು, ಹೊರಬಂದ ಮೇಲೆ ಮಿಯಾಸಿಸ್ ಮುಗಿದಿರುತ್ತದೆ. ಒಂದು ಹೂವಿನಲ್ಲಿ ಮೂರು ಪರಾಗಕೋಶಗಳಿದ್ದು ಮೂರೂ ಹೆಚ್ಚುಕಡಿಮೆ ಒಂದೇ ಹಂತದಲ್ಲಿರುವುದರಿಂದ, ಒಂದನ್ನು ಒಡೆದು ಪರೀಕ್ಷಿಸಿ ಉಳಿದೆರಡನ್ನು ಒಳ್ಳೆಯ ಸ್ಲೈಡಿಗೆ ಮೀಸಲಿಡಬಹುದು. ಆದರೆ ಈರುಳ್ಳಿಯ ಬೇರನ್ನು ಹಸಿಯಾಗಿಯೇ ಬಳಸಿ ತಪ್ಪಿಸಿಕೊಂಡಿದ್ದ ಎಥನಾಲ್ ಈಗ ಬೇಕೇ ಬೇಕು. ಹೊಲದಲ್ಲಿ ಕೊಯ್ದ ಕೂಡಲೇ ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಎಥನಾಲ್ ಇರುವ ದ್ರಾವಣದಲ್ಲಿ ಮುಳುಗಿಸದಿದ್ದರೆ ಮೈಸೂರು ತಲುಪುವಷ್ಟರಲ್ಲಿ ಕೋಶಗಳು ಕೆಡುತ್ತವೆ. ಅಬಕಾರಿ ನಿಯಮಗಳಿಂದಾಗಿ ಶುದ್ಧ ಎಥನಾಲ್ ಚಿಲ್ಲರೆಯಾಗಿ ಸಿಗುವುದು ಕಷ್ಟ. ಪರಿಚಯದ ಕಾಲೇಜು ಅಧ್ಯಾಪಕರೊಬ್ಬರು ತಮ್ಮ ಪ್ರಯೋಗಾಲಯದಲ್ಲೇ ದ್ರಾವಣ ಬೆರೆಸಿ ಸಣ್ಣ ಸೀಸೆಯಲ್ಲಿ ಕೊಡಲು ಒಪ್ಪಿದ್ದಾರೆ, ಚಿಕ್ಕಪ್ಪ ಜೋಳ ಸುಳಿ ಕಟ್ಟಿದ ದಿನ ಫೋನು ಮಾಡುತ್ತಾರೆ.