ಅಮೆರಿಕದವರಿಗಿರುವ ಬಂದೂಕಿನ ಹಕ್ಕು ನಮಗೇಕಿಲ್ಲ?

ಗಂಗಾವತಿಯಲ್ಲಿ ವಕೀಲಿ ಮಾಡುವ ನನ್ನನ್ನು ಕಕ್ಷಿದಾರರೂ ಅವರ ಕಾಲೇಜು ಓದುವ ಮಕ್ಕಳೂ ಪದೇ ಪದೇ ಕೇಳುವ ಪ್ರಶ್ನೆ ಇದು: “ಅಮೆರಿಕಾದಾಗ ಅಂಗಡ್ಯಾಗ ಬಂದೂಕು ಸಿಗತಾವಂತಲ್ರೀ ವಕೀಲ್ರ, ನಮಗ ಯಾಕ ಲೈಸೆನ್ಸಿನ ಗೋಳು?” ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, ಸರ್ಕಾರ ಕೊಡುವ ಪರವಾನಗಿ, ಹಾಗಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪರವಾನಗಿ ಯಾರ ಕೈ ಸೇರುತ್ತಿದೆ ಎಂಬ ವಿಷಯದಲ್ಲಿ ನನಗೆ ತಕರಾರಿದೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವ ಹಕ್ಕನ್ನು ಹೇಳುತ್ತದೆ. ಅದು ನಾಗರಿಕ ಪಡೆಗಷ್ಟೇ ಸಂಬಂಧಿಸಿದ್ದೋ, ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದೋ ಎಂಬ ವಾದ ಬಹುಕಾಲ ನಡೆದು, 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವ್ಯಕ್ತಿಯ ಹಕ್ಕೆಂದೇ ತೀರ್ಪು ನೀಡಿತು. ಹಾಗಿದ್ದರೂ ಅಂಗಡಿಯಲ್ಲಿ ಕೊಳ್ಳುವವನ ಪೂರ್ವಾಪರವನ್ನು ಅಲ್ಲಿಯೂ ಪರಿಶೀಲಿಸುತ್ತಾರೆ.

ಆದರೆ ಈ ಪ್ರಶ್ನೆಯನ್ನು ನಮ್ಮವರು ಕೇಳಲೇ ಇಲ್ಲ ಎಂದು ಭಾವಿಸುವುದು ತಪ್ಪು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಸಿಯಲು ಹೊರಟಾಗ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ದಂಗೆಯೆದ್ದರು. ಮರುವರ್ಷ ಮುಂಡರಗಿ ಭೀಮರಾಯರು ಹೋರಾಡಿ ಮಡಿದದ್ದು ನಮ್ಮ ಕೊಪ್ಪಳದ ಕೋಟೆಯಲ್ಲಿಯೇ. 1878ರ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ ಯುರೋಪಿಯನ್ನರಿಗೆ ವಿನಾಯಿತಿ ನೀಡಿದ್ದರಿಂದ, ಆಯುಧದ ಪ್ರಶ್ನೆ ಮಾನಾಪಮಾನದ ಪ್ರಶ್ನೆಯೂ ಆಯಿತು. ಆ ನೋವಿನಿಂದಲೇ ಇರಬೇಕು, 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಅದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ಎಚ್.ವಿ. ಕಾಮತರು 1948ರಲ್ಲಿ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ಮಂಡಿಸಿದಾಗ ಡಾ. ಅಂಬೇಡ್ಕರರು ಒಪ್ಪಲಿಲ್ಲ, ಅಂಥ ಹಕ್ಕನ್ನು ಕೊಟ್ಟರೆ ಅದು ಕಳ್ಳಕಾಕರಿಗೂ ಸಿಗುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. ಹೀಗಾಗಿ ನಮ್ಮ ಸಂವಿಧಾನದ 19ನೆಯ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೂ ಶಾಂತಿಯುತವಾಗಿ, ಆಯುಧಗಳಿಲ್ಲದೆ ಸೇರಬೇಕು ಎನ್ನುತ್ತದೆ.

ಅಂಬೇಡ್ಕರರ ನಿಲುವು ಸರಿಯಾಗಿತ್ತೆಂದು ನನಗನ್ನಿಸುವುದು ನನ್ನ ಮುಂದೆ ಬರುವ ಕಡತಗಳಿಂದ. ಬದುವಿನ ಜಗಳ, ಕಾಲುವೆ ನೀರಿನ ಪಾಳಿಯ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳಗಳಲ್ಲಿ ಬಡಿಗೆ, ಕೊಡಲಿಗಳು ಕೈಗೆ ಬರುತ್ತವೆ. ಗಾಯಾಳು ಆಸ್ಪತ್ರೆ ಸೇರಿ ಬದುಕುತ್ತಾನೆ, ಆರು ತಿಂಗಳಿಗೆ ಇಬ್ಬರೂ ರಾಜಿಗೆ ಬಂದು ಕೂರುತ್ತಾರೆ. ಅದೇ ಸಿಟ್ಟಿನ ಗಳಿಗೆಯಲ್ಲಿ ಕೈಗೆಟಕುವಂತೆ ತೋಟಾ ತುಂಬಿದ ಬಂದೂಕಿದ್ದರೆ ರಾಜಿಗೆ ಕೂರಲು ಒಬ್ಬನೇ ಉಳಿಯುತ್ತಿದ್ದ. ಇನ್ನು ಅಮೆರಿಕದಲ್ಲಿ 2021ರ ಒಂದೇ ವರ್ಷದಲ್ಲಿ ಗುಂಡಿನಿಂದ ಸತ್ತ 48 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು ಎಂಬುದನ್ನು, ಸಾಲದ ಹೊರೆಯಲ್ಲಿರುವ ರೈತಾಪಿ ಮನೆಗಳ ನಾಡಿನವರಾದ ನಾವು ಮರೆಯುವಂತಿಲ್ಲ.

ಈಗ ನನ್ನ ತಕರಾರು. ಚುನಾವಣೆ ಘೋಷಣೆಯಾದಾಗ ಪರವಾನಗಿದಾರರು ಆಯುಧಗಳನ್ನು ಠೇವಣಿ ಇಡಬೇಕೆಂದು ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. ಆ ದಿನಗಳಲ್ಲಿ ಠಾಣೆಯ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ: ಹಳೆಯ ಧೋತರದಲ್ಲಿ ಸುತ್ತಿದ ಡಬಲ್ ಬ್ಯಾರಲ್ ಬಂದೂಕು ಕಾರಿನಿಂದ ಇಳಿಯುತ್ತದೆ, ಪೇದೆ ಅದರ ನಂಬರನ್ನು ಲೈಸೆನ್ಸ್ ಪುಸ್ತಕದೊಂದಿಗೆ ತಾಳೆ ಹಾಕಿ, ಹೆಸರು ಬರೆದ ಚೀಟಿ ಕಟ್ಟಿ, ರಸೀದಿ ಹರಿದು ಕೊಡುತ್ತಾನೆ. ಬ್ಯಾಂಕಿನ ಕಾವಲಿಗಿರುವ ಮಾಜಿ ಸೈನಿಕರನ್ನು ಬಿಟ್ಟರೆ ಅಲ್ಲಿ ಕಾಣುವವರು ಹೆಚ್ಚಾಗಿ ಊರ ಗೌಡರು, ಸಾಹುಕಾರರು, ಗುತ್ತಿಗೆದಾರರು. 1959ರ ಆಯುಧ ಕಾಯ್ದೆಯ 14ನೆಯ ಕಲಮು, ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಬಾರದೆಂದು ಸ್ಪಷ್ಟವಾಗಿ ಹೇಳಿದ್ದರೂ, ಗುಡ್ಡದ ಅಂಚಿನಲ್ಲಿ ಸೇಂಗಾ ಬೆಳೆದು ರಾತ್ರಿಯಿಡೀ ಡಬ್ಬಿ ಬಡಿದು ಹಂದಿ ಓಡಿಸುವವನು ಆ ಸಾಲಿನಲ್ಲಿ ಇರುವುದಿಲ್ಲ. ಗೋಡೆಯ ಮೇಲಿನ ಬಂದೂಕು ಅನೇಕ ಮನೆಗಳಲ್ಲಿ ರಕ್ಷಣೆಗಿಂತ ಪ್ರತಿಷ್ಠೆಗೇ ಇದೆ. ಮೆರವಣಿಗೆ, ಮದುವೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಶೋಕಿ ಅಷ್ಟು ಬೆಳೆದಿದ್ದರಿಂದಲೇ 2019ರ ತಿದ್ದುಪಡಿ ಅದನ್ನು ಪ್ರತ್ಯೇಕ ಅಪರಾಧವನ್ನಾಗಿಸಿ, ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷದವರೆಗಿನ ದಂಡ ಇಲ್ಲವೇ ಎರಡನ್ನೂ ವಿಧಿಸಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿಯೂ ಮೂರರಿಂದ ಎರಡಕ್ಕೆ ಇಳಿಯಿತು.

ಬೆಳೆ ಕಾಯುವುದಕ್ಕೆಂದು ಪರವಾನಗಿ ಕೇಳುವವರಿಗೆ ಒಂದು ಮಾತು. ದರೋಜಿ ಕರಡಿಧಾಮದ ಸುತ್ತ ಅಥವಾ ನಮ್ಮ ಗುಡ್ಡಗಳಲ್ಲಿ ಹೊಲಕ್ಕೆ ನುಗ್ಗುವ ಕರಡಿಯನ್ನು ಬೆಳೆ ಉಳಿಸಲೆಂದು ಕೊಂದರೆ, ಬಂದೂಕಿಗೆ ಲೈಸೆನ್ಸ್ ಇದ್ದರೂ 1972ರ ವನ್ಯಜೀವಿ ಕಾಯ್ದೆಯ ಅಡಿ ಅದು ಗಂಭೀರ ಅಪರಾಧ. ಜೀವ ಉಳಿಸಿಕೊಳ್ಳಲು ಅನಿವಾರ್ಯವಾಗಿ ಕೊಂದರಷ್ಟೇ ವಿನಾಯಿತಿ. ಇಷ್ಟು ತಿಳಿದ ಮೇಲೂ ಬಂದೂಕು ಬೇಕೇಬೇಕು ಎನ್ನುವವರು ಅರ್ಜಿಯಲ್ಲಿ ಹೊಲದ ಸರ್ವೆ ನಂಬರನ್ನೂ ಆದ ಹಾನಿಯನ್ನೂ ನಮೂದಿಸಲಿ, ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಲಿ, ಆದೇಶ ಕೈಸೇರಿದ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಲಿ. ಅಂಥ ಅರ್ಜಿಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಹಜಾರದ ಗೋಡೆಗೆ ತೂಗುಹಾಕಲು ಬೇಕೆನ್ನುವವರು ಬೇರೆ ವಕೀಲರನ್ನು ನೋಡಿಕೊಳ್ಳಬಹುದು.