ಹೊಸ ಬ್ಯಾಟರಿ, ಹಳೆಯ ಟಕ್

2024 ಜೂನ್ 16, ಭಾನುವಾರ

ಮೂರು ವಾರಗಳಿಂದ ನನ್ನ ಹಳೆಯ ಡೀಸೆಲ್ ಪಿಕಪ್, ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಎರಡು ಮೂರು ಸಲ ಪ್ರಯತ್ನಿಸಿದ ಮೇಲೆ ಸೆಲ್ಫ್ ಮೋಟರ್ ಒಲ್ಲದ ಮನಸ್ಸಿನಿಂದ ತಿರುಗಿ ಎಂಜಿನ್ ಚಾಲೂ ಆಗುತ್ತಿತ್ತು. ಬ್ಯಾಟರಿಯ ಆಯುಷ್ಯ ಮುಗಿಯಿತೆಂದು ನಾನೇ ತೀರ್ಮಾನಿಸಿ ಹೋದ ವಾರ ಹೊಸದನ್ನು ಕೂರಿಸಿದ್ದೆ. ಇಂದು ಬೆಳಿಗ್ಗೆ ಮತ್ತೆ ಅದೇ ಟಕ್ ಕೇಳಿಸಿತು. ಅಳೆದು ನೋಡದೆ ದುಡ್ಡು ಸುರಿದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂದು, ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿದು ಬಾನೆಟ್ ಎತ್ತಿದೆ.

ವಾಹನ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ಚಾರ್ಜ್ ಇತ್ತು. ಎಂಜಿನ್ ಹತ್ತಿಕೊಳ್ಳದಂತೆ ಇಂಧನ ತಡೆಯುವ ಸೊಲೆನಾಯ್ಡಿನ ತಂತಿಯನ್ನು ಕಳಚಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿದೆಯೆಂದು ಖಚಿತಪಡಿಸಿಕೊಂಡು, ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಆಗಲೂ ಬ್ಯಾಟರಿಯಲ್ಲಿ 11.4 ವೋಲ್ಟ್ ಉಳಿದಿತ್ತು. ಸೋತ ಬ್ಯಾಟರಿಯಾಗಿದ್ದರೆ ಅದು 9.6ಕ್ಕಿಂತ ಕೆಳಗಿಳಿಯಬೇಕಿತ್ತು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ತಾಗಿಸಿ ಮತ್ತೆ ಸೆಲ್ಫ್ ಹೊಡೆಸಿದಾಗ ಗುಟ್ಟು ಬಯಲಾಯಿತು: 0.2 ವೋಲ್ಟ್ ಮೀರಬಾರದ ಜಾಗದಲ್ಲಿ 2.1 ವೋಲ್ಟ್ ಕಾಣಿಸಿತು, ಅಂದರೆ ವಿದ್ಯುತ್ತು ಎಂಜಿನ್ನಿನಿಂದ ಬ್ಯಾಟರಿಗೆ ಮರಳುವ ದಾರಿಯಲ್ಲಿ ಎಲ್ಲೋ ತಡೆಯಿತ್ತು.

ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ವಾಹನದ ಉಕ್ಕಿನ ಚೌಕಟ್ಟಾದ ಚಾಸಿಗೂ ನಡುವೆ ವಿದ್ಯುತ್ತಿಗೆ ತಾಮ್ರದ ಹೆಣೆದ ಅರ್ತ್ ಪಟ್ಟಿಯೇ ರಾಜಮಾರ್ಗ. ನನ್ನ ವಾಹನದಲ್ಲಿ ಆ ಪಟ್ಟಿ ಹೊರಗಿನಿಂದ ನೋಡಲು ಗಟ್ಟಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಮಾತ್ರ ಅದರ ತುದಿಯ ಕಿವಿಯ ಅಡಿಯಲ್ಲಿ ಹಸಿರು ಪುಡಿಯೂ, ಚಾಸಿಯ ಮೇಲೆ ಪದರು ಪದರಾದ ತುಕ್ಕೂ ಕಂಡವು. ತಡೆಯನ್ನೇ ನೇರವಾಗಿ ಓಮ್‌ಗಳಲ್ಲಿ ಅಳೆದರೆ ಇಂಥ ದೋಷ ಸಿಗುವುದೇ ಇಲ್ಲ, ಏಕೆಂದರೆ ಸೆಲ್ಫ್ ಮೋಟರ್ 200 ಆಂಪಿಯರ್ ಎಳೆಯುವಾಗ ಒಂದು ಓಮ್‌ನ ನೂರನೆಯ ಒಂದು ಪಾಲಿನಷ್ಟು ತಡೆಯೇ ಎರಡು ವೋಲ್ಟುಗಳನ್ನು ನುಂಗಿಬಿಡುತ್ತದೆ, ಸಾಮಾನ್ಯ ಮೀಟರಿಗೆ ಅಷ್ಟು ಸಣ್ಣ ತಡೆ ಸೊನ್ನೆಯಂತೆಯೇ ಕಾಣುತ್ತದೆ. ಕೆಲವು ದಿನಗಳಿಂದ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದ್ದುದರ ಕಾರಣವೂ ಆಗ ಹೊಳೆಯಿತು. ಮುಖ್ಯ ದಾರಿ ಮುಚ್ಚಿದಾಗ ವಿದ್ಯುತ್ತು ಆ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ಮರಳಲು ಹವಣಿಸಿ ಅದನ್ನು ಕಾಯಿಸುತ್ತಿತ್ತು, ಒಳಪದರದ ಪ್ಲಾಸ್ಟಿಕ್ ಅಲ್ಲಲ್ಲಿ ಕರಗಿ ಅಂಟಿಕೊಂಡಿತ್ತು.

ಬಿಚ್ಚುವ ಮೊದಲೇ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದಿದ್ದೆ. ಪಾಸಿಟಿವ್ ಅನ್ನು ಮೊದಲು ಸಡಿಲಿಸಹೊರಟು ಸ್ಪ್ಯಾನರ್ ವಾಹನದ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ತಂತಿಯ ಬ್ರಷ್ಷಿನಿಂದಲೂ ಎಮೆರಿ ಕಾಗದದಿಂದಲೂ ಲೋಹ ಮಿನುಗುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಅದರ ಮೇಲೆ ಗ್ರೀಸ್ ಬಳಿದೆ. ಈಗ ಅದೇ ಜಾಗದಲ್ಲಿ 0.08 ವೋಲ್ಟ್. ಸೊಲೆನಾಯ್ಡಿನ ತಂತಿ ಸಿಕ್ಕಿಸಿದ ಮೇಲೆ ಎಂಜಿನ್ ಅರೆಸುತ್ತಿಗೇ ಹತ್ತಿಕೊಂಡಿತು, ಓಡುವಾಗಿನ ಚಾರ್ಜಿಂಗ್ 14.1 ವೋಲ್ಟ್ ಇತ್ತು. ಮೂಲೆಗೆ ಎಸೆದಿದ್ದ ಹಳೆಯ ಬ್ಯಾಟರಿಯನ್ನು ಅಳೆದರೆ ಅದರಲ್ಲೂ 12.5 ಇತ್ತು, ಅದನ್ನು ಮಗನಿಗೆ ಹೇಳಲಿಲ್ಲ. ಕೇಬಲ್ಲನ್ನಂತೂ ಬದಲಿಸಲೇಬೇಕು.

ಪಿಕಪ್ಪಿನ ಇನ್ನೊಂದು ದೂರಿಗೆ, ಏರುದಾರಿಯಲ್ಲಿ ಎಂಜಿನ್ ಉಷ್ಣತೆಯ ಮುಳ್ಳು ಮೇಲೇರುವುದಕ್ಕೆ, ಅಷ್ಟು ಹೊತ್ತು ಹಿಡಿಯಲಿಲ್ಲ. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಅದರ ರಬ್ಬರ್ ಬಿರುಕು ಬಿಟ್ಟಿತ್ತು. ಒತ್ತಡ ನಿಲ್ಲದಿದ್ದರೆ ಕೂಲಂಟ್ ಬೇಗನೆ ಕುದಿಯುತ್ತದೆ. ಹೊಸ ಮುಚ್ಚಳ ಹಾಕಿದೆ.

ಗೇರ್ ಬದಲಿಸುವಾಗ ಅಡಿಯಿಂದ ಬರುವ ‘ಢಣ್’ ಸದ್ದು ಉಳಿದಿತ್ತು. ಚಕ್ರಗಳು ಉರುಳದಂತೆ ಅಡ್ಡಗಟ್ಟೆ ಕೊಟ್ಟು, ಕೆಳಗೆ ತೂರಿ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಅತ್ತಿತ್ತ ತಿರುಗಿಸಿದಾಗ ಅದರ ಹಿಂದಿನ ಕ್ರಾಸ್, ಅಂದರೆ ಬಾಗುವ ಕೀಲು, ಅಲುಗಾಡಿತು. ಅದರ ಬೇರಿಂಗ್ ಬಟ್ಟಲಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ ಸೋರಿತ್ತು, ಅಂದರೆ ಒಳಗಿನ ಗ್ರೀಸ್ ಒಣಗಿ ಸೂಜಿ ರೋಲರುಗಳು ಸವೆದಿದ್ದವು. ಮರುಜೋಡಣೆಯಲ್ಲಿ ಸಮತೋಲ ತಪ್ಪದಂತೆ ಶಾಫ್ಟಿಗೂ ಅದನ್ನು ಬೋಲ್ಟಿನಿಂದ ಜೋಡಿಸಿರುವ ಫ್ಲಾಂಜಿಗೂ ಒಂದೇ ನೇರದಲ್ಲಿ ಬಿಳಿ ಬಣ್ಣದ ಗುರುತು ಎಳೆದಿದ್ದೇನೆ. ಕತ್ತಲಾದದ್ದರಿಂದ ಬೋಲ್ಟ್ ಬಿಚ್ಚಲಿಲ್ಲ.